ಎಲ್ಲರೂ ಆರಾಮವಾಗಿದ್ದಾರೆ, ನಾನೊಬ್ಬಳೇ ಹಳೆಯ ಕಾಲದವಳೇ?

ಪ್ರಶ್ನೆ: ನನಗೆ 20 ವರ್ಷ. ಅರಸೀಕೆರೆ ಕಡೆಯವಳು. ಬೆಂಗಳೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ, ಪಿಜಿಯಲ್ಲಿದ್ದೇನೆ. ಸಹಪಾಠಿಯೊಬ್ಬನ ಜೊತೆ ಕೆಲವು ತಿಂಗಳಿಂದ ದೈಹಿಕ ಸಂಬಂಧವಿದೆ. ‘ಸೀರಿಯಸ್ ಆಗೋದು ಬೇಡ, ಕ್ಯಾಶುಯಲ್ ಆಗಿ ಇರೋಣ, ಹೇಗೂ ಮನೆಯಲ್ಲಿ ಒಪ್ಪಲ್ಲ’ ಎಂದು ಅವನು ಮೊದಲೇ ಹೇಳಿದ್ದ, ನಾನೂ ಒಪ್ಪಿದ್ದೆ. ರೂಮಿನ ಗೆಳತಿಯರು ಡೇಟಿಂಗ್ ಆ್ಯಪ್‌ಗಳಲ್ಲಿದ್ದಾರೆ, ಅವರಿಗೆ ಇದೆಲ್ಲ ಸಹಜ. ನನಗೆ ಮಾತ್ರ ಅವನು ಬೇರೆ ಹುಡುಗಿಯೊಂದಿಗೆ ನಕ್ಕು ಮಾತನಾಡಿದರೂ ಸಂಕಟವಾಗುತ್ತದೆ. ಓದು ತಲೆಗೆ ಹತ್ತುತ್ತಿಲ್ಲ. ಕಳೆದ ತಿಂಗಳು ಎರಡು ಸಲ ಐ-ಪಿಲ್ ತೆಗೆದುಕೊಂಡೆ. ಈಗ ಮುಟ್ಟು ಹತ್ತು ದಿನ ತಡವಾಗಿದೆ. ನನ್ನ ಕೆಲವು ಫೋಟೊಗಳು ಅವನ ಫೋನಿನಲ್ಲಿವೆ. ಎಲ್ಲರೂ ಆರಾಮವಾಗಿರುವಾಗ ನಾನೊಬ್ಬಳೇ ಹಳೆಯ ಕಾಲದವಳೇ? ತಪ್ಪು ನನ್ನದೇ? ಅಕ್ಕನಿಗೆ ಹೇಳಲೇ?
(ಹೆಸರು, ವಿಳಾಸ ಬೇಡ)

ಉತ್ತರ: ನೀವು ಕೊನೆಯಲ್ಲಿ ಕೇಳಿರುವ ಪ್ರಶ್ನೆಗಳಿಗೆ ಬರುವ ಮೊದಲು ಮುಟ್ಟಿನ ವಿಷಯ ಮಾತನಾಡೋಣ, ಏಕೆಂದರೆ ಉಳಿದುದನ್ನು ನಿಧಾನವಾಗಿ ಯೋಚಿಸಬಹುದು, ಇದನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ. ನೀವು ನುಂಗಿದ ಐ-ಪಿಲ್ ಎಂಬ ತುರ್ತು ಗರ್ಭನಿರೋಧಕ ಮಾತ್ರೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು. ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದೇ ಅದರ ಮುಖ್ಯ ಕೆಲಸ. ಆದ್ದರಿಂದಲೇ ಅದನ್ನು 72 ಗಂಟೆಗಳೊಳಗೆ, ಅದರಲ್ಲಿಯೂ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ತೆಗೆದುಕೊಳ್ಳಬೇಕೆಂದು ಹೇಳುತ್ತಾರೆ. ಅಂಡ ಅದಾಗಲೇ ಬಿಡುಗಡೆಯಾಗಿದ್ದರೆ ಮಾತ್ರೆಯಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ, ಮಾತ್ರೆ ನುಂಗಿದ ನಂತರ ಮತ್ತೆ ಸಂಪರ್ಕವಾದರೆ ಅದಕ್ಕೆ ಹಳೆಯ ಮಾತ್ರೆಯ ರಕ್ಷಣೆ ಇರುವುದೂ ಇಲ್ಲ. ಈ ಮಾತ್ರೆಯಿಂದ ಮುಟ್ಟಿನ ದಿನ ಹಿಂದೆ ಮುಂದೆ ಆಗುವುದು ಸಾಮಾನ್ಯ. ಆದರೆ ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಮಾತ್ರೆಯದೇ ಪ್ರಭಾವ ಎಂದುಕೊಂಡು ಸುಮ್ಮನಿರಬಾರದು. ನಾಳೆ ಬೆಳಿಗ್ಗೆಯೇ ಮೊದಲ ಮೂತ್ರದಲ್ಲಿ ಪ್ರೆಗ್ನೆನ್ಸಿ ಕಿಟ್‌ನಿಂದ ಪರೀಕ್ಷಿಸಿಕೊಳ್ಳಿ. ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಚೀಟಿಯಿಲ್ಲದೆ ಅದು ಸಿಗುತ್ತದೆ. ಒಂದೇ ಗೆರೆ ಬಂದರೆ ವಾರ ಬಿಟ್ಟು ಮತ್ತೊಮ್ಮೆ ನೋಡಿಕೊಳ್ಳಿ. ಆಗಲೂ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಬೇಕು. ಈ ನಡುವೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತಡೆಯಲಾಗದ ನೋವು, ತಲೆಸುತ್ತು ಅಥವಾ ರಕ್ತಸ್ರಾವ ಕಾಣಿಸಿಕೊಂಡರೆ ರಾತ್ರಿಯಾಗಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭವು ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತಿದ್ದರೆ ಅದು ಪ್ರಾಣಕ್ಕೇ ಅಪಾಯ.

ಎರಡು ಗೆರೆ ಬಂದರೆ? ಆಗಲೂ ದಾರಿ ಮುಚ್ಚಿಲ್ಲ ಎಂಬುದನ್ನು ಈಗಲೇ ತಿಳಿದುಕೊಂಡಿರಿ, ಏಕೆಂದರೆ ಭಯದಲ್ಲಿರುವ ಹುಡುಗಿಯರು ಯಾರೋ ತಂದುಕೊಟ್ಟ ಗರ್ಭಪಾತದ ಮಾತ್ರೆಯನ್ನು ಪಿಜಿಯ ಕೋಣೆಯಲ್ಲಿ ಒಬ್ಬರೇ ನುಂಗಿ, ರಕ್ತಸ್ರಾವ ನಿಲ್ಲದೆ ಆಸ್ಪತ್ರೆ ಸೇರುವುದು ಇಂದಿಗೂ ನಡೆಯುತ್ತಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಗರ್ಭನಿರೋಧಕ ವಿಫಲವಾಯಿತೆಂಬ ಕಾರಣವನ್ನು ಅವಿವಾಹಿತೆಯೂ ನೀಡಬಹುದು. 20 ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಅಲ್ಲಿಂದ ಮುಂದೆ 24ನೆಯ ವಾರದವರೆಗಿನ ಅವಕಾಶದಲ್ಲಿಯೂ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ನೀಡಿದೆ. 18 ದಾಟಿದ ಮಹಿಳೆಯ ಒಪ್ಪಿಗೆಯೊಂದೇ ಅಗತ್ಯ. ತಂದೆಯ ಸಹಿ, ಹುಡುಗನ ಸಹಿ ಯಾವುದೂ ಬೇಕಿಲ್ಲ, ನಿಮ್ಮ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಕರ್ತವ್ಯ. ಇಷ್ಟಾದರೂ ‘ಮದುವೆ ಆಗಿದೆಯಾ?’ ಎಂಬ ಪ್ರಶ್ನೆಯನ್ನು ಅಗತ್ಯಕ್ಕಿಂತ ಗಟ್ಟಿ ದನಿಯಲ್ಲಿ ಕೇಳುವ ಸಿಬ್ಬಂದಿ ನಮ್ಮ ಆಸ್ಪತ್ರೆಗಳಲ್ಲಿ ಇದ್ದಾರೆ. ವೈದ್ಯವೃತ್ತಿಯವರಾದ ನಾವು ಇದಕ್ಕಾಗಿ ನಾಚಿಕೊಳ್ಳಬೇಕು. ಅಂಥ ಕಡೆ ತಲೆತಗ್ಗಿಸಿ ಹಿಂತಿರುಗಬೇಡಿ, ಬೇರೊಬ್ಬ ಸ್ತ್ರೀರೋಗ ತಜ್ಞರ ಬಳಿ ಹೋಗಿ. ನಂಬಿಕೆಯ ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಐ-ಪಿಲ್ ಗರ್ಭವನ್ನಷ್ಟೇ ತಡೆಯಲು ಪ್ರಯತ್ನಿಸುತ್ತದೆ, ಸೋಂಕನ್ನಲ್ಲ. ತಿಂಗಳಲ್ಲಿ ಎರಡು ಸಲ ಅದನ್ನು ತೆಗೆದುಕೊಳ್ಳಬೇಕಾಯಿತೆಂದರೆ ಕಾಂಡೋಮ್ ಬಳಕೆಯಾಗುತ್ತಿಲ್ಲ ಎಂದು ಊಹಿಸುತ್ತೇನೆ. ‘ಕ್ಯಾಶುಯಲ್’ ಎಂದು ಹೇಳಿದ ಹುಡುಗನಿಗೆ ಬೇರೆಯವರೊಂದಿಗೂ ಸಂಪರ್ಕವಿದೆಯೇ ಎಂಬುದು ನಿಮಗೆ ತಿಳಿದಿಲ್ಲ, ಕೇಳುವ ಅಧಿಕಾರ ತನಗಿಲ್ಲವೆಂದು ನೀವು ಭಾವಿಸಿದ್ದೀರಿ. ಕ್ಲಮೈಡಿಯಾದಂತಹ ಸೋಂಕು ಹೆಂಗಸರಲ್ಲಿ ಅನೇಕ ಸಲ ಯಾವ ಲಕ್ಷಣವನ್ನೂ ತೋರದೆ ಒಳಗೇ ಉಳಿದು, ಮುಂದೆ ಗರ್ಭನಾಳಗಳನ್ನು ಕೆಡಿಸಬಲ್ಲದು. ಆದ್ದರಿಂದ ವೈದ್ಯರನ್ನು ಕಂಡಾಗ ಸೋಂಕಿನ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶವನ್ನು ನಿಮ್ಮ ಅನುಮತಿಯಿಲ್ಲದೆ ಬೇರೆಯವರಿಗೆ ತಿಳಿಸುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ತಡೆಯುವಂಥದು) ಇನ್ನೂ ಹಾಕಿಸಿಕೊಂಡಿಲ್ಲವಾದರೆ ಅದರ ಬಗೆಗೂ ಕೇಳಿ. ನಿಮ್ಮ ವಯಸ್ಸಿನಲ್ಲಿ ಅದು ಈಗಲೂ ಉಪಯುಕ್ತ.

ಇನ್ನು ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಮಾತಿಗೆ ಬರುತ್ತೇನೆ. ‘ಎಲ್ಲರೂ ಆರಾಮವಾಗಿದ್ದಾರೆ’ ಎಂದು ನಿಮಗೆ ಹೇಗೆ ಗೊತ್ತಾಯಿತು? ಅವರು ಹೇಳಿದ್ದರಿಂದ, ಅಲ್ಲವೇ? ಈ ಬಗೆಯ ಸಂಬಂಧಗಳ ಬಗೆಗೆ ಅತ್ಯಂತ ಹೆಚ್ಚು ಅಧ್ಯಯನ ನಡೆದಿರುವುದು ಅಮೆರಿಕದ ಕಾಲೇಜುಗಳಲ್ಲಿ. ಅಲ್ಲಿ ‘ಹುಕಪ್’ ಎಂಬುದು ಮುತ್ತಿನಿಂದ ಸಂಭೋಗದವರೆಗೆ ಏನು ಬೇಕಾದರೂ ಆಗಬಹುದಾದ, ಮುಂದಿನ ಹೊಣೆಯಿಲ್ಲದ ಭೇಟಿ. 2003ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ‘ಇದರಲ್ಲಿ ನಿಮಗೆಷ್ಟು ನಿರಾಳತೆ ಇದೆ, ನಿಮ್ಮ ಸಹಪಾಠಿಗಳಿಗೆ ಎಷ್ಟಿರಬಹುದು?’ ಎಂದು ಕೇಳಿದಾಗ, ಹುಡುಗರೂ ಹುಡುಗಿಯರೂ ತಮಗಿಂತ ಉಳಿದವರೇ ಹೆಚ್ಚು ನಿರಾಳವಾಗಿದ್ದಾರೆ ಎಂದು ಉತ್ತರಿಸಿದರು. ಎಲ್ಲರೂ ತಮಗಿಂತ ಇತರರೇ ನಿರಾಳರೆಂದು ತಿಳಿದಿದ್ದರೆ ಎಲ್ಲರ ಲೆಕ್ಕವೂ ಸರಿಯಾಗಿರಲು ಸಾಧ್ಯವಿಲ್ಲ. ಮುಂದೆ ಪೌಲಾ ಇಂಗ್ಲೆಂಡ್ ಎಂಬ ಸಮಾಜಶಾಸ್ತ್ರಜ್ಞೆಯ ನೇತೃತ್ವದಲ್ಲಿ ಹಲವು ಕಾಲೇಜುಗಳ ಸಾವಿರಾರು ವಿದ್ಯಾರ್ಥಿಗಳಿಂದ ಸಂಗ್ರಹಿಸಿದ ಮಾಹಿತಿ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಪದವಿಯ ಕೊನೆಯ ವರ್ಷಕ್ಕೆ ಬಂದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ಒಂದು ಹುಕಪ್ಪನ್ನೂ ಕಂಡವರಲ್ಲ. ಕಂಡವರಲ್ಲಿಯೂ ಸುಮಾರು ಶೇ 40ರಷ್ಟು ಮಂದಿಗೆ ಅಷ್ಟೂ ವರ್ಷಗಳಲ್ಲಿ ಆದದ್ದು ಮೂರು ಅಥವಾ ಅದಕ್ಕಿಂತ ಕಡಿಮೆ. ಪಾರ್ಟಿ, ಹಾಸ್ಟೆಲು, ಮದ್ಯ ಎಲ್ಲವೂ ಕೈಗೆಟಕುವ ಆ ದೇಶದ ಕ್ಯಾಂಪಸ್ಸುಗಳಲ್ಲಿಯೇ ಮಾತಿಗೂ ನಡತೆಗೂ ಇಷ್ಟು ಅಂತರವಿದೆ.

ನಿಮ್ಮ ಕೋಣೆಯಲ್ಲಿಯೂ ಇಂಥದೇ ಏನೋ ನಡೆಯುತ್ತಿರುವ ಸಾಧ್ಯತೆ ಹೆಚ್ಚು. ಪಿಜಿಯಲ್ಲಿ ರಾತ್ರಿ ಗೇಟು ಹಾಕಿದ ಮೇಲೆ ಆಡುವ ಮಾತುಗಳಲ್ಲಿ ಮ್ಯಾಚ್ ಆದ ಕಥೆ ಬರುತ್ತದೆ, ಭೇಟಿಯಾದ ಕೆಫೆಯ ಹೆಸರು ಬರುತ್ತದೆ, ಹುಡುಗ ಕಳುಹಿಸಿದ ಮೆಸೇಜು ಎಲ್ಲರ ಕೈಗೂ ದಾಟುತ್ತದೆ. ಮರುದಿನ ಅವನು ಉತ್ತರಿಸದೆ ಮಾಯವಾದಾಗ ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತ ಹುಡುಗಿ ಅದನ್ನು ಹೇಳುವುದಿಲ್ಲ. ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಕಾಲೇಜು ಹುಡುಗಿಯರಲ್ಲಿ ಎಷ್ಟೋ ಮಂದಿ, ತಮ್ಮ ಗೆಳತಿಯರ ಕಣ್ಣಿಗೆ ‘ಏನನ್ನೂ ತಲೆಗೆ ಹಚ್ಚಿಕೊಳ್ಳದವರು’ ಎನಿಸಿಕೊಂಡವರೇ. ಹುಡುಗರದೂ ಬೇರೆಯಲ್ಲ. ಅನುಭವವೇ ಇಲ್ಲದವನು ಇದೆಯೆಂದು ಹೇಳಿಕೊಳ್ಳುತ್ತಾನೆ, ಮನಸ್ಸು ಕೊಟ್ಟವನು ಕೊಟ್ಟಿಲ್ಲವೆನ್ನುತ್ತಾನೆ. ನಿಮ್ಮ ಗೆಳತಿಯರ ಕಣ್ಣಿಗೆ ನೀವೂ ಈಗ ಆರಾಮವಾಗಿಯೇ ಕಾಣುತ್ತಿರಬಹುದು ಎಂಬುದನ್ನು ಒಮ್ಮೆ ಯೋಚಿಸಿ.

ಆದರೂ ಅಮೆರಿಕದ ಚಿತ್ರವನ್ನು ಹಾಗೆಯೇ ತಂದು ಬೆಂಗಳೂರಿಗೆ ಅಂಟಿಸಲಾಗದು. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ‘ಹೇಗೂ ಮನೆಯಲ್ಲಿ ಒಪ್ಪಲ್ಲ’ ಎಂಬ ಮಾತನ್ನು. ನಮ್ಮಲ್ಲಿ ಬಹಳಷ್ಟು ‘ಕ್ಯಾಶುಯಲ್’ ಸಂಬಂಧಗಳ ಬೇರು ಇರುವುದು ಇಲ್ಲಿ. ಹುಡುಗನಿಗೂ ಹುಡುಗಿಗೂ ತಮ್ಮ ಮದುವೆ ಜಾತಿ, ಒಳಪಂಗಡ, ಜಾತಕ, ಜಮೀನು ನೋಡಿ ಹಿರಿಯರು ಗೊತ್ತುಮಾಡುವಂಥದು ಎಂದು ಹದಿಹರೆಯದಲ್ಲಿಯೇ ತಿಳಿದಿರುತ್ತದೆ. ಆ ಗೋಡೆಗೆ ಎದುರು ನಿಲ್ಲುವ ಧೈರ್ಯವಿಲ್ಲದಾಗ, ಸಂಬಂಧಕ್ಕೆ ಹೆಸರೇ ಬೇಡವೆಂದು ಬಿಡುವುದು ಸುಲಭವಾದ ಏರ್ಪಾಡಾಗುತ್ತದೆ. ಹೆಸರಿಲ್ಲದಿದ್ದರೆ ಅದಕ್ಕಾಗಿ ಮನೆಯಲ್ಲಿ ಜಗಳವಾಡಬೇಕಿಲ್ಲ, ಬಿಟ್ಟಾಗ ಮಾತು ತಪ್ಪಿದವನಾಗುವುದೂ ಇಲ್ಲ. ಇದನ್ನು ಹೊಸ ಕಾಲದ ಸ್ವಾತಂತ್ರ್ಯವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಳೆಯ ಕಟ್ಟಳೆಗೆ ತಲೆಬಾಗಿಯೇ ನಡೆಯುತ್ತಿರುವ ಬದುಕು ಇದು. ನಿಮ್ಮ ಸಹಪಾಠಿ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವನು ಇದ್ದುದನ್ನು ಮೊದಲೇ ಹೇಳಿದ್ದಾನೆ, ಅಷ್ಟು ಪ್ರಾಮಾಣಿಕತೆ ಅವನಿಗಿದೆ. ಆದರೆ ಆ ಏರ್ಪಾಡಿನ ಭಾರ ಹೇಗೆ ಹಂಚಿಕೆಯಾಗಿದೆ ನೋಡಿ. ಮಾತ್ರೆ ನುಂಗಿದವರು ನೀವು, ಮುಟ್ಟಿನ ದಿನ ಎಣಿಸುತ್ತಿರುವವರು ನೀವು, ಫೋಟೊ ಹೊರಬಿದ್ದರೆ ಊರಲ್ಲಿ ಮಾತಾಗುವುದು ನಿಮ್ಮ ಮನೆಯವರ ಬಗ್ಗೆ. ಗುಟ್ಟಾಗಿ ನಡೆಯಬೇಕಾದ ಸಂಬಂಧದಲ್ಲಿ ಅಪಾಯವೆಲ್ಲ ಹುಡುಗಿಯ ಕಡೆಗೇ ವಾಲುತ್ತದೆ. ಅಂಥ ಸ್ಥಿತಿಯಲ್ಲಿ ನಿರಾಳವಾಗಿರಲು ಆಗುತ್ತಿಲ್ಲವೆಂದರೆ ಅದಕ್ಕೆ ಕಾರಣ ನಿಮ್ಮ ಹಳ್ಳಿಯ ಹಿನ್ನೆಲೆಯಲ್ಲ. ನಿಮ್ಮ ಮನಸ್ಸು ಪರಿಸ್ಥಿತಿಯನ್ನು ಸರಿಯಾಗಿಯೇ ಗ್ರಹಿಸಿದೆ.

ಹಾಗಾದರೆ ಬದ್ಧತೆಯಿಲ್ಲದ ಸಂಬಂಧ ಎಲ್ಲರಿಗೂ ಹಾನಿಯೇ? ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ವಿದ್ಯಾರ್ಥಿಗಳನ್ನು ಒಂದು ಶೈಕ್ಷಣಿಕ ವರ್ಷದುದ್ದಕ್ಕೂ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇಲ್ಲಿ ಬಹಳ ಉಪಯುಕ್ತವೆನಿಸುತ್ತದೆ. ಅಂಥ ಸಂಬಂಧವನ್ನು ತಮ್ಮದೇ ಇಚ್ಛೆಯಿಂದ, ತಿಳಿದು ಆರಿಸಿಕೊಂಡವರಲ್ಲಿ ಹಾನಿ ಕಂಡುಬರಲಿಲ್ಲ. ಒತ್ತಡಕ್ಕೆ ಮಣಿದು, ಕುಡಿದ ಅಮಲಿನಲ್ಲಿ, ಅಥವಾ ಇದು ಮುಂದೆ ಪ್ರೀತಿಯಾಗಬಹುದೆಂಬ ಆಸೆಯಲ್ಲಿ ಒಳಗಾದವರಲ್ಲಿ ವರ್ಷದ ಕೊನೆಗೆ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು, ತಮ್ಮ ಬಗೆಗಿನ ಗೌರವ ಕುಗ್ಗಿತ್ತು. ನಿಮ್ಮ ಒಪ್ಪಿಗೆ ಇವುಗಳಲ್ಲಿ ಯಾವ ಬಗೆಯದು? ‘ನಾನೂ ಒಪ್ಪಿದ್ದೆ’ ಎಂದು ಬರೆದಿದ್ದೀರಿ. ಒಪ್ಪದಿದ್ದರೆ ಅವನು ದೂರವಾಗುತ್ತಾನೆ ಎಂದು ಒಪ್ಪಿದಿರೋ, ಗೆಳತಿಯರ ಮುಂದೆ ಹಳಬಳಾಗಿ ಕಾಣಬಾರದೆಂದು ಒಪ್ಪಿದಿರೋ, ನಿಧಾನಕ್ಕೆ ಅವನ ಮನಸ್ಸು ಬದಲಾಗುತ್ತದೆಂದು ಒಪ್ಪಿದಿರೋ, ಇಲ್ಲವೇ ನಿಮಗೂ ಅದೇ ಬೇಕಿತ್ತೋ? ಉತ್ತರವನ್ನು ನನಗೆ ಬರೆಯಬೇಕಿಲ್ಲ. ಆದರೆ ಅವನು ಬೇರೆಯವಳೊಂದಿಗೆ ನಕ್ಕರೆ ಸಂಕಟವಾಗುವ ನಿಮಗೆ ಬೇಕಾಗಿರುವುದು ಪ್ರೀತಿ ಮತ್ತು ಅದರ ಜೊತೆಗೆ ಬರುವ ಭರವಸೆ. ಅದನ್ನು ಬಯಸುವುದು ಹಿಂದುಳಿದಿರುವಿಕೆಯಲ್ಲ. ಕ್ಯಾಶುಯಲ್ ಸಂಬಂಧವನ್ನು ಮನಸಾರೆ ಬಯಸುವವಳು ಹೇಗೆ ಕೆಟ್ಟವಳಲ್ಲವೋ ಹಾಗೆ.

ತಪ್ಪು ಯಾರದೆಂಬ ಪ್ರಶ್ನೆಯನ್ನು ಇಲ್ಲಿಗೆ ಬಿಟ್ಟು, ಅವನೊಂದಿಗೆ ಮಾತನಾಡಿ. ಮೆಸೇಜಿನಲ್ಲಿ ಬೇಡ, ಅವನ ಕೋಣೆಯಲ್ಲಿಯೂ ಬೇಡ. ಹಗಲು ಹೊತ್ತು, ಜನ ಓಡಾಡುವ ಪಾರ್ಕಿನಲ್ಲೋ ಕಾಲೇಜಿನ ಕ್ಯಾಂಟೀನಿನಲ್ಲೋ ಕುಳಿತು, ‘ಮೊದಲು ಒಪ್ಪಿದ್ದೆ, ಈಗ ನನಗೆ ಇದು ಆಗುತ್ತಿಲ್ಲ’ ಎಂದು ಹೇಳಿದರೆ ಸಾಕು. ವಿವರಣೆ ಕೊಡಲೇಬೇಕಾದ ಹೊಣೆ ನಿಮಗಿಲ್ಲ. ಒಮ್ಮೆ ಒಪ್ಪಿದ್ದು ಮುಂದಿನ ಸಲಕ್ಕೂ ಒಪ್ಪಿಗೆಯಾಗುವುದಿಲ್ಲ. ಒಪ್ಪಿಗೆಯೆಂದರೆ ಸ್ವಇಚ್ಛೆಯಿಂದ, ಸಂಶಯಕ್ಕೆಡೆಯಿಲ್ಲದಂತೆ ಮಾತಿನಲ್ಲಿಯೋ ಸನ್ನೆಯಲ್ಲಿಯೋ ಆ ನಿರ್ದಿಷ್ಟ ಕ್ರಿಯೆಗೆ ಕೊಟ್ಟದ್ದು, ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬುದು ಒಪ್ಪಿಗೆಯಲ್ಲ ಎಂದು ನಮ್ಮ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮೇ ಹೇಳುತ್ತದೆ. ಅವನು ‘ಸರಿ, ಹಾಗಾದರೆ ಸೀರಿಯಸ್ ಆಗೋಣ’ ಎಂದರೂ ಆ ದಿನವೇ ನಂಬಿ ಹಿಂದಿನಂತೆ ಮುಂದುವರಿಯಬೇಡಿ. ಮನೆಯ ವಿಚಾರದಲ್ಲಿ ಅವನು ಏನು ಮಾಡಲು ಸಿದ್ಧ ಎಂಬುದು ಕೆಲವು ವಾರಗಳಲ್ಲಿ ತಾನಾಗಿ ಗೊತ್ತಾಗುತ್ತದೆ. ಬಿಟ್ಟುಹೋಗುವುದಾದರೆ ನೋವಾಗುತ್ತದೆ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಒಂದೇ ತರಗತಿಯಲ್ಲಿ ದಿನವೂ ಮುಖ ನೋಡಬೇಕಾದ ಬ್ರೇಕಪ್ ಇನ್ನೂ ಕಷ್ಟ. ಆದರೂ ದಿನಕ್ಕೊಂದು ಅನುಮಾನದಲ್ಲಿ ಬೇಯುವುದಕ್ಕಿಂತ ಆ ನೋವಿಗೆ ಒಂದು ಕೊನೆಯಿರುತ್ತದೆ.

ಫೋಟೊಗಳ ವಿಷಯವನ್ನು ಅದೇ ಭೇಟಿಯಲ್ಲಿ ಎತ್ತಿ, ನಿಮ್ಮೆದುರಿಗೇ ಅಳಿಸಲು ಹೇಳಿ. ಗ್ಯಾಲರಿಯಲ್ಲಿ ಅಳಿಸಿದರೆ ಮುಗಿಯುವುದಿಲ್ಲ; ಡಿಲೀಟ್ ಆದವುಗಳ ಫೋಲ್ಡರ್, ಕ್ಲೌಡ್ ಬ್ಯಾಕಪ್, ವಾಟ್ಸ್ಆ್ಯಪ್ ಚಾಟ್ ಮೂರನ್ನೂ ನೋಡಬೇಕು. ಅವನು ಈವರೆಗೆ ಬೆದರಿಸಿಲ್ಲವಾದ್ದರಿಂದ ಅನುಮಾನದ ದನಿ ಬೇಡ, ಆದರೆ ಮುಜುಗರದಿಂದ ಕೇಳದೆ ಬಿಡುವುದೂ ಬೇಡ. ಮುಂದೆಂದಾದರೂ ಅವನಾಗಲಿ ಬೇರೆ ಯಾರಾಗಲಿ ಅವುಗಳನ್ನು ಹಂಚುವುದಾಗಿ ಹೆದರಿಸಿದರೆ ತಿಳಿದಿರಲಿ: ಫೋಟೊ ತೆಗೆಯಲು ನೀವು ಒಪ್ಪಿದ್ದರೂ ಹಂಚಲು ಒಪ್ಪಿಲ್ಲದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಬರಬಹುದಾದ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಖಾಸಗಿತನದ ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸವಿದೆ. ಹಣ ಕೊಡಬೇಡಿ, ಬೇಡಿಕೊಳ್ಳಬೇಡಿ, ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಹತ್ತಿರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ ದೂರು ಕೊಡಿ. ಮಹಿಳೆಯರಿಗೆ ಸಂಬಂಧಿಸಿದ ಇಂಥ ದೂರನ್ನು ಆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಸಲ್ಲಿಸಬಹುದು. ಕಾಲೇಜಿನಲ್ಲಿಯೇ ಕಾಟ ಶುರುವಾದರೆ ಆಂತರಿಕ ದೂರು ಸಮಿತಿಯಿದೆ. ಪ್ರತಿ ಕಾಲೇಜಿನಲ್ಲಿಯೂ ಅದು ಇರಲೇಬೇಕೆಂದು ಯುಜಿಸಿ 2015ರಲ್ಲಿಯೇ ನಿಯಮ ಮಾಡಿದೆ.

ಇಂಥ ಪತ್ರಗಳಿಗೆ ಉತ್ತರಿಸಿದಾಗಲೆಲ್ಲ ‘ಅವನ ಮೇಲೆ ಕೇಸು ಹಾಕಬಹುದಲ್ಲ’ ಎಂದು ಕೆಲವರು ಕೇಳುತ್ತಾರೆ. ಮದುವೆಯಾಗುವ ಉದ್ದೇಶವೇ ಇಲ್ಲದೆ ಆಗುತ್ತೇನೆಂದು ನಂಬಿಸಿ ದೈಹಿಕ ಸಂಬಂಧ ಬೆಳೆಸುವುದು ನ್ಯಾಯ ಸಂಹಿತೆಯ 69ನೆಯ ಕಲಮಿನಡಿ ಹತ್ತು ವರ್ಷಗಳವರೆಗೆ ಶಿಕ್ಷಾರ್ಹ ಎಂಬುದು ನಿಜ. ನಿಮ್ಮ ಪತ್ರದ ಪ್ರಕಾರ ಅವನು ಅಂಥ ಮಾತು ಕೊಟ್ಟಿಲ್ಲ, ಬದಲಿಗೆ ಇಲ್ಲವೆಂದೇ ಹೇಳಿದ್ದಾನೆ. ಪ್ರೀತಿಸದೆ ಇರುವುದು ಅಪರಾಧವಲ್ಲ. ಕಾನೂನಿನ ಇನ್ನೊಂದು ಮಗ್ಗುಲನ್ನು ಮಾತ್ರ ನಿಮ್ಮ ಕಿರಿಯ ಗೆಳತಿಯರಿಗೆ ದಯವಿಟ್ಟು ತಿಳಿಸಿ. ಪಿಯುಸಿ ಓದುತ್ತಿರುವವರು, ಪದವಿಯ ಮೊದಲ ವರ್ಷಕ್ಕೆ ಆಗತಾನೆ ಸೇರಿದವರು ಎಷ್ಟೋ ಮಂದಿ 18 ತುಂಬದವರು. ಅಂಥವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಇಬ್ಬರೂ ಬಯಸಿಯೇ ಕೂಡಿದ್ದರೂ 2012ರ ಪೋಕ್ಸೊ ಕಾಯ್ದೆಯಡಿ ಮೊಕದ್ದಮೆಯಾಗುತ್ತದೆ. ಗರ್ಭ ಧರಿಸಿ ಆಸ್ಪತ್ರೆಗೆ ಬಂದ ಹದಿನೇಳರ ಹುಡುಗಿಯ ವಿಷಯವನ್ನು ವೈದ್ಯರು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ.

ಓದು ತಲೆಗೆ ಹತ್ತುತ್ತಿಲ್ಲವೆಂದಿದ್ದೀರಿ. ಗರ್ಭ ಪರೀಕ್ಷೆಯ ಫಲಿತಾಂಶ ತಿಳಿದು, ಅವನೊಂದಿಗೆ ಮಾತಾದ ಮೇಲೆ ಮನಸ್ಸು ಒಂದಿಷ್ಟು ಹಗುರಾಗುವುದನ್ನು ನಾನು ನಿರೀಕ್ಷಿಸುತ್ತೇನೆ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಂದು ಸಲ ಸುಳಿದರೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಅದು ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನಲ್ಲಿಯೇ ಇರುವ ನಿಮಗೆ ನಿಮ್ಹಾನ್ಸ್ ಕೂಡ ಹತ್ತಿರವಿದೆ.

ಕೊನೆಯದಾಗಿ ಅಕ್ಕನ ವಿಷಯ. ಹೇಳಲೇಬೇಕೆಂಬ ಕಡ್ಡಾಯವೇನೂ ಇಲ್ಲ, ಮೇಲೆ ಬರೆದ ಯಾವ ಚಿಕಿತ್ಸೆಗೂ ಮನೆಯವರ ಅನುಮತಿ ಬೇಡ. ಆದರೆ ನೀವು ಅಮ್ಮನನ್ನೋ ಅಪ್ಪನನ್ನೋ ಹೆಸರಿಸದೆ ಅಕ್ಕನನ್ನೇ ಹೆಸರಿಸಿದ್ದೀರಿ. ಆಕೆ ಕೇಳಿಸಿಕೊಳ್ಳಬಲ್ಲವಳೆಂದು ನಿಮಗೆ ಎಲ್ಲೋ ಅನಿಸಿರಬೇಕು. ಆಕೆ ಮದುವೆಯಾಗಿದ್ದು ಭಾವನಿಂದ ಏನನ್ನೂ ಮುಚ್ಚಿಡದವಳಾಗಿದ್ದರೆ, ಈ ಮಾತು ಆಕೆಯಲ್ಲಿಯೇ ಉಳಿಯಬೇಕೆಂದು ಮೊದಲೇ ಕೇಳಿಕೊಂಡು, ಆಮೇಲೆ ವಿಷಯ ತೆಗೆಯಿರಿ. ಎಲ್ಲವನ್ನೂ ಒಂದೇ ಸಲಕ್ಕೆ ಹೇಳಬೇಕಿಲ್ಲ. ಮುಟ್ಟು ತಡವಾಗಿದೆ, ಡಾಕ್ಟರ ಹತ್ತಿರ ಜೊತೆಗೆ ಬರುತ್ತೀಯಾ ಎಂಬಲ್ಲಿಂದ ಆರಂಭಿಸಿದರೆ ಉಳಿದುದು ದಾರಿಯಲ್ಲಿ ಬರುತ್ತದೆ. ಪಿಜಿಯಿಂದ ಫೋನಿನಲ್ಲಿ ಮಾತ್ರ ಹೇಳಬೇಡಿ. ಪಕ್ಕದ ಮಂಚದವರಿಗೆ ಕೇಳಿಸುತ್ತದೆಂಬ ಅಳುಕಿನಲ್ಲಿ ನೀವು ಅರ್ಧ ಮಾತು ನುಂಗುತ್ತೀರಿ, ಅಕ್ಕ ಅಷ್ಟಕ್ಕೇ ಇನ್ನೇನನ್ನೋ ಕಲ್ಪಿಸಿಕೊಂಡು ಗಾಬರಿಯಾಗುತ್ತಾರೆ. ಸಾಧ್ಯವಾದರೆ ಅವರನ್ನೇ ಒಂದು ದಿನದ ಮಟ್ಟಿಗೆ ಬೆಂಗಳೂರಿಗೆ ಬರಲು ಹೇಳಿ. ಆದರೆ ನಾಳೆ ಬೆಳಗಿನ ಪರೀಕ್ಷೆಯನ್ನು ಮಾತ್ರ ಅವರು ಬರುವವರೆಗೆ ಕಾಯಿಸಬೇಡಿ.